ಪೂಜೆಗೆ ಇಟ್ಟ ಪುಸ್ತಕ

ಇವತ್ತು ನಮ್ಮ ಮನೆಯಲ್ಲಿ ಸರಸ್ವತಿ ಪೂಜೆ, ಗೆಳೆಯರೇ. ಎಲ್ಲರೂ ತಮ್ಮ ತಮ್ಮ ಪುಸ್ತಕ ತಂದು ದೇವರ ಮುಂದೆ ಇಡಬೇಕೆಂದು ಅವ್ವ ಹೇಳಿದಳು. ಕಾಗದದ ಪುಸ್ತಕದ ಕಾಲ ಮುಗಿಯಿತೆಂದು ಸದಾ ವಾದಿಸುವ ನನ್ನ ತಮ್ಮ, “ನನ್ನ ಪುಸ್ತಕ ಎಲ್ಲಾ ಈ ಫೋನಿನ್ಯಾಗ ಅದಾವವ್ವ” ಅಂದ.

“ಹಂಗಾರ ಫೋನೇ ಇಡು. ದಸರಾ ತನಕ ಮುಟ್ಟಂಗಿಲ್ಲ ನೋಡು.”

ತಮ್ಮ ಫೋನನ್ನು ಜೇಬಿಗೆ ಇಳಿಸಿ, ಬೈಕ್ ಹತ್ತಿ ಹಳೆಯ ಪುಸ್ತಕ ಮಾರುವ ಕೋಠಿ ಪೇಟೆಗೆ ಹೋದ. ಅಲ್ಲಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಹೋಮಿಯೋಪತಿ ಪುಸ್ತಕ ಹಿಡಿದು ಬಂದ.

“ಇದನ್ನೇನು ಓದ್ತಿ ನೀ?” ಅವ್ವ ಕೇಳಿದಳು.

“ಓದಾಕಲ್ಲವ್ವ. ಇದನ್ನಾದರ ಮುಟ್ಟದ ಇರಾಕ ಆಗತೈತಿ.”

ಮುದ್ರಿತ ಪುಸ್ತಕದ ಪರವಾಗಿ ನಾನು ಅವನೊಂದಿಗೆ ವರ್ಷಗಟ್ಟಲೆ ವಾದ ಮಾಡಿದ್ದೇನೆ. ಇಷ್ಟು ಗಟ್ಟಿಯಾದ ಕಾರಣ ನನಗೆ ಹೊಳೆದಿರಲಿಲ್ಲ.