ಎಲ್ಲಿಗೆ ಅಂತ ಕೇಳಬಾರದು

ಗಂಗಾಧರಣ್ಣನ ಹಣೆಗಿಂತ ಅವರ ಏಣಿಯ ಮೇಲೆ ಹೆಚ್ಚು ವಿಭೂತಿ ಇರುತ್ತಿತ್ತು. ನಂದಿನಿ ಲೇಔಟಿನ ನಮ್ಮ ಸೋಲಾರ್ ಹೀಟರ್ ಅಂಗಡಿಯಲ್ಲಿ ಹೀಟರ್ ಕೂರಿಸುವ ಕೆಲಸ ಅವರದು. ಬೆಳಗ್ಗೆ ಬಂದವರೇ ಏಣಿಗೆ ವಿಭೂತಿ ಬಳಿದು, ಊದುಬತ್ತಿ ಬೆಳಗಿ, ಗೂಡ್ಸ್ ಆಟೊ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ಇಷ್ಟೆಲ್ಲ ತಯಾರಿ ಮಾಡುವ ಮನುಷ್ಯ, ಹೋಗುವ ಮನೆಗೆ ಎಷ್ಟು ಮಹಡಿ, ಕರೆಂಟ್ ತಂತಿ ಯಾವ ಕಡೆ ಹಾದಿದೆ ಎಂದು ಒಂದು ಮಾತು ಕೇಳುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿದ್ದುದೇ ಅದಕ್ಕೆ.

ಗಿರಾಕಿಗಳ ಫೋನು ತೆಗೆದುಕೊಳ್ಳುತ್ತಿದ್ದವಳು ನಾನು. ತಿಳಿದದ್ದನ್ನು ಹಿಂದಿನ ಸಂಜೆ ಹೇಳಹೋದರೆ, "ನಾಳೆ ಹೋಗಿ ನೋಡಿದ್ರಾಯ್ತು ಬಿಡಮ್ಮ, ಮನೆ ಏನು ಓಡೋಗತ್ತಾ?" ಅನ್ನುವರು. ಬೆಳಗ್ಗೆಯಂತೂ ಬಾಯಿ ತೆರೆಯುವಂತಿರಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ, ಹಿಂದಿನಿಂದ ಕರೆದರೆ, ಕೆಲಸ ಕೆಟ್ಟಂತೆಯೇ. ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡುತ್ತಿದ್ದರು. ಕೂತಾಗಲಾದರೂ ಹೇಳೋಣವೆಂದರೆ ಕಣ್ಣು ಮುಚ್ಚಿ ಶಿವಶಿವ ಅನ್ನುತ್ತಿದ್ದರು.

ಕೆಟ್ಟವರಾಗಿದ್ದರೆ ಬಿಟ್ಟುಬಿಡಬಹುದಿತ್ತು. ನಾನು ಡಬ್ಬಿ ತರದ ದಿನ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಮುಂದಿಡುತ್ತಿದ್ದರು. ಹೀಟರ್ ಕೂರಿಸಿದ ಮಾರನೆಯ ದಿನ ಆ ಮನೆಯ ಅಜ್ಜಿಗೆ ಫೋನು ಮಾಡಿ ಸ್ನಾನ ಆಯಿತೇ ಎಂದು ವಿಚಾರಿಸುತ್ತಿದ್ದರು. ಇಂಥವರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಒಮ್ಮೆ ಬಸವೇಶ್ವರನಗರದಲ್ಲಿ ಹಳೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು, ಶೀಟು ಒಡೆದು, ತೊಡೆಯವರೆಗೂ ಇಳಿದರು. ಆ ಮನೆಯವರು ಶೀಟಿನ ವಿಷಯ ನನಗೆ ಫೋನಿನಲ್ಲಿ ಮೊದಲೇ ಹೇಳಿದ್ದರು. ಬ್ಯಾಂಡೇಜು ಸುತ್ತಿಕೊಂಡು ಬಂದವರು ದೂರಿದ್ದು ನನ್ನನ್ನು. "ಬೆಳಿಗ್ಗೆ ನೀನು ಹಿಂದಿನಿಂದ ಕರೆದ್ಯಲ್ಲ, ಅದಕ್ಕೇ ಕಣಮ್ಮ ಹಿಂಗಾಗಿದ್ದು." ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಬಾಪೂಜಿ ನಗರದ ಕೆಲಸದ ದಿನ ಆಟೊ ಹೊರಡುವಾಗಲೇ ಆ ಮನೆಯವರ ಫೋನು ಬಂತು. ಬೀದಿ ಕಡೆ ತಂತಿ ಮಹಡಿಗೆ ತೀರ ಹತ್ತಿರವಿದೆ, ಸಾಮಾನು ಹಿಂದುಗಡೆಯಿಂದ ಏರಿಸಿ ಎಂದರು. ನಾನು ಕೂಗುತ್ತಾ ಆಟೊ ಹಿಂದೆ ಓಡಿದೆ. ಗಂಗಾಧರಣ್ಣ ತಿರುಗಿ ನೋಡಿ, "ಇವತ್ತೊಂದಿನ ಸುಮ್ನಿರಮ್ಮ, ನಿಂಗೆ ಕೈ ಮುಗಿತೀನಿ," ಅಂದರು. ನಿಜವಾಗಿಯೂ ಎರಡೂ ಕೈ ಎತ್ತಿ ಮುಗಿದರು. ಆಮೇಲೆ ಎಷ್ಟು ಸಲ ಫೋನು ಮಾಡಿದರೂ ತೆಗೆಯಲಿಲ್ಲ. ಅಲ್ಲಿ ಉದ್ದನೆಯ ಪೈಪನ್ನು ಬೀದಿಯಿಂದ ಮೇಲೆಳೆದುಕೊಂಡಾಗ ಅದು ತಂತಿಗೆ ತಗುಲಿತು. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಈಗ ಕೆಲಸದವರನ್ನು ಕಳಿಸುವ ಹಿಂದಿನ ದಿನವೇ ನಾನು ಹೋಗಿ ಮನೆ ನೋಡಿ ಬರುತ್ತೇನೆ. ಹಾಗೆ ಹೊರಟ ಒಂದು ದಿನ ಕೆಂಗೇರಿಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದ ಗಂಗಾಧರಣ್ಣನನ್ನು ಕಂಡೆ. ಅದೇ ಕಡೆಯ ಭೇಟಿ. ಆಮೇಲೆ ಅವರು ಬಹಳ ದಿನ ಬದುಕಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ದನಿ ಬಂತು.

"ಎಲ್ಲಿಗಮ್ಮ ಈಗ?"

ನಾನು ಚಪ್ಪಲಿ ಬಿಟ್ಟು ವಾಪಸು ಬಂದು ಅವರ ಎದುರು ಕೂತೆ. ವಿಜಯನಗರಕ್ಕೆ ಎಂದೆ, ಮೂರನೇ ಮಹಡಿ ಎಂದೆ.

"ತಂತಿ ಯಾವ ಕಡೆ ಐತೆ?"

"ಬೀದಿ ಕಡೆ ಅಂತೆ ಅಣ್ಣ."

"ಹಂಗಾದ್ರೆ ಸಾಮಾನು ಹಿಂದ್ಗಡೆಯಿಂದ ಏರ್ಸೋಕೆ ಹೇಳು," ಅಂದರು.

ಅವತ್ತು ಆಟೊ ಹಿಂದೆ ಓಡುತ್ತಾ ನಾನು ಹೇಳಬೇಕೆಂದಿದ್ದುದೂ ಅಷ್ಟೇ.