ಶನಿವಾರದ ಬೆಂಕಿ

ಮೊನ್ನೆ ಚಳಿಗಾಲದ ಬಟ್ಟೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒಂದೊಂದನ್ನೇ ಕೊಡವುತ್ತಿದ್ದೆ. ಗಂಡನ ಹಳೆಯ ಉಣ್ಣೆಯ ಸ್ವೆಟರ್ ಕೈಗೆ ಬಂದದ್ದೇ ತಡ, ಮೂಗಿಗೆ ಹೊಗೆಯ ವಾಸನೆ ಅಡರಿತು. ಎಷ್ಟು ಸಲ ಒಗೆದರೂ ಹೋಗದ ವಾಸನೆ ಅದು. ಕೆಲವು ವರ್ಷಗಳ ಹಿಂದಾಗಿದ್ದರೆ ಆ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದೆ. ಈಗ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಸರಿಯಿತು. ಯಾಕೆಂದು ನಿಮಗೆ ಹೇಳಬೇಕು. ಸ್ವಲ್ಪ ಸುತ್ತು ಹಾಕಿಯೇ ಹೇಳುತ್ತೇನೆ, ತಾಳ್ಮೆ ಇರಲಿ.

ನಾವಿರುವುದು ರಾಟರ್‌ಡ್ಯಾಮಿನಿಂದ ರೈಲಿನಲ್ಲಿ ತುಸು ದೂರದ ಒಂದು ಸಣ್ಣ ಊರಿನಲ್ಲಿ. ನನ್ನ ಗಂಡ ಮಹಾಂತೇಶ ಬಾಗಲಕೋಟೆ ಕಡೆಯವನು, ಬಂದರಿನಲ್ಲಿ ಕ್ರೇನುಗಳ ಎಂಜಿನಿಯರು. ನಾನು ಹುಬ್ಬಳ್ಳಿಯವಳು, ಕಂಪ್ಯೂಟರಿನ ಕೆಲಸ. ನಮ್ಮದು ಸಾಲುಮನೆ. ಪ್ರತಿ ಮನೆಗೂ ಒಂದು ಅಂಗೈಯಗಲದ ಹಿತ್ತಲು, ಒಂದು ಹಿತ್ತಲಿಗೂ ಇನ್ನೊಂದಕ್ಕೂ ನಡುವೆ ಆಳೆತ್ತರದ ಹಲಗೆಯ ಬೇಲಿ. ಎಡಗಡೆ ಮನೆಯಲ್ಲಿ ವಿಮ್ ಎಂಬ ಮುದುಕ, ಬಲಗಡೆ ಮಾರ್ಲೂಸ್ ಎಂಬ ಒಂಟಿ ಹೆಂಗಸು. ಅವಳು ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ನಮ್ಮ ಮಗಳು ಸಾನ್ವಿಯೂ ಅವಳ ಶಿಷ್ಯೆಯೇ.

ಬೆಂಕಿ ಶುರುವಾದದ್ದು ವಿಮ್‌ನಿಂದ. ಅವನು ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ವೆಲ್ಡಿಂಗ್ ಬಿಟ್ಟರೆ ಬೇರೆ ಮಾತು ಅವನಿಗೆ ಬರುತ್ತಲೇ ಇರಲಿಲ್ಲ. ನಾವು ಬಂದ ವರ್ಷದ ಒಂದು ಶನಿವಾರ, ಕೆಟ್ಟುಹೋದ ವಾಷಿಂಗ್ ಮಷೀನಿನ ಡ್ರಮ್ಮಿಗೆ ಮೂರು ಕಾಲು ಬೆಸೆದು, ಅದನ್ನು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದ. ತನ್ನ ಹಿತ್ತಲಿನ ತುಂಬ ಸಾಮಾನಿನ ಶೆಡ್ಡು, ಜಾಗ ಇಲ್ಲ, ನಿಮ್ಮಲ್ಲಿ ಇಡಬಹುದೇ ಎಂದು ಕೇಳಿದ. ಮಹಾಂತೇಶ ಆ ಡ್ರಮ್ಮನ್ನು ಸುತ್ತ ತಿರುಗಿ ನೋಡಿ, ನಗುತ್ತಾ ನನ್ನ ಕಡೆ ತಿರುಗಿದ. "ಇದು ನಮ್ಮ ಅಗ್ಗಿಷ್ಟಿಗಿನ ಅಲ್ಲೇನು?"

ಅಲ್ಲಿಂದ ಮುಂದೆ ಚಳಿ ಇರುವಷ್ಟು ಕಾಲ ಪ್ರತಿ ಶನಿವಾರ ಸಂಜೆ ನಮ್ಮ ಹಿತ್ತಲಿನಲ್ಲಿ ಬೆಂಕಿ. ಡ್ರಮ್ಮಿನ ತೂತುಗಳಿಂದ ಕೆಂಪು ಚುಕ್ಕೆಗಳು ಹೊಳೆಯುತ್ತಿದ್ದವು. ಕೆಂಡದ ಮೇಲೆ ನಾನು ಬದನೆಕಾಯಿ ಸುಡುತ್ತಿದ್ದೆ. ಮೊದಲ ಸಲ ನೋಡಿದ ವಿಮ್, ಪಾಪ ಇವಳಿಗೆ ಅಡುಗೆ ಸೀದುಹೋಯಿತು ಎಂದುಕೊಂಡು ಮರ್ಯಾದೆಗೆ ಸುಮ್ಮನಿದ್ದ. ಸಿಪ್ಪೆ ಸುಲಿದು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಿವುಚಿ ರೊಟ್ಟಿಯ ಜೊತೆ ಕೊಟ್ಟ ಮೇಲೆ ಮುಂದಿನ ಶನಿವಾರ ತಾನೇ ಬದನೆಕಾಯಿ ತಂದ. ಮಹಾಂತೇಶ ಹಾಡುತ್ತಿದ್ದ. ಅವನ ಕಂಠ ಅಂಥದ್ದೇನಲ್ಲ, ಆದರೆ ಬೆಂಕಿಯ ಮುಂದೆ ಯಾರ ಕಂಠವೂ ನಡೆಯುತ್ತದೆ. ಬೀದಿಯ ಆ ತುದಿಯವರೂ ಕುರ್ಚಿ ಹೊತ್ತು ತರತೊಡಗಿದರು.

ನನಗಂತೂ ಆ ಹೊಗೆ ಬರಿಯ ಹೊಗೆಯಾಗಿರಲಿಲ್ಲ. ಚಿಕ್ಕಂದಿನಲ್ಲಿ ನವಲಗುಂದದ ಹತ್ತಿರದ ಸೋದರಮಾವನ ಹೊಲಕ್ಕೆ ಸೀತನಿ ತಿನ್ನಲು ಹೋಗುತ್ತಿದ್ದೆವು. ಜೋಳದ ಹಸಿ ತೆನೆಗಳನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾಚಟ್ನಿಯ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಕೈ, ಮೂಗು, ಲಂಗ ಎಲ್ಲಾ ಕರಿ. ಆ ಹೊಲವನ್ನೇ ಇಲ್ಲಿ ಹಿತ್ತಲಿಗೆ ತಂದುಕೊಂಡಿದ್ದೇನೆ ಎಂಬ ಹೆಮ್ಮೆ ನನಗೆ.

ಮಾರ್ಲೂಸ್ ಮೊದಲ ವರ್ಷ ಒಂದೆರಡು ಸಲ ಬಂದಿದ್ದಳು. ಗೇಟಿನ ಹತ್ತಿರವೇ ನಿಂತು, ಬೆಳಗ್ಗಿನಿಂದ ತರಗತಿ ನಡೆಸಿ ಸಾಕಾಗಿದೆ ಎಂದು ಹೊರಟುಬಿಡುತ್ತಿದ್ದಳು. ನಾನು ಬೇಲಿಯ ಮೇಲಿಂದ ಪಲ್ಯದ ತಟ್ಟೆ ದಾಟಿಸುತ್ತಿದ್ದೆ. ತೊಳೆದ ತಟ್ಟೆ ಸೋಮವಾರ ನಮ್ಮ ಹೊಸ್ತಿಲ ಮೇಲಿರುತ್ತಿತ್ತು.

ಇಲ್ಲಿ ನನ್ನ ಒಂದು ಸಿದ್ಧಾಂತದ ಬಗ್ಗೆ ಹೇಳಬೇಕು. ಊರಿನಿಂದ ಯಾರೇ ಬರಲಿ, ಚಹಾ ಕೊಡುವ ಮೊದಲೇ ನಾನು ಅವರಿಗೆ ಒಂದು ಉಪನ್ಯಾಸ ಕೊಡುತ್ತಿದ್ದೆ: ಈ ಡಚ್ ಜನ ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಳ್ಳುವವರಲ್ಲ, ಇದ್ದದ್ದನ್ನು ಮುಖಕ್ಕೇ ಹೇಳುತ್ತಾರೆ, ಹಾಗಾಗಿ ಇವರ ಜೊತೆ ಬದುಕುವುದು ಸುಲಭ. ಉದಾಹರಣೆಗಳಿಗೆ ಬರವಿರಲಿಲ್ಲ. ಆಫೀಸಿನ ಗೆಳತಿಯೊಬ್ಬಳು ನನ್ನ ಹೊಸ ಕೂದಲ ಕಟ್ಟು ನೋಡಿ ಮೊದಲಿನದೇ ವಾಸಿಯಿತ್ತು ಎಂದಿದ್ದಳು. ನನ್ನ ಡಚ್ ಕೇಳಿದರೆ ಕಿವಿ ನೋಯುತ್ತದೆ, ಆದರೂ ಬಿಡಬೇಡ ಎಂದಿದ್ದ ವಿಮ್. ಈ ಸಿದ್ಧಾಂತವನ್ನು ನಾನು ಎಷ್ಟು ನೆಚ್ಚಿಕೊಂಡಿದ್ದೆನೆಂದರೆ, ಯಾರೂ ದೂರು ಹೇಳದಿದ್ದರೆ ದೂರೇ ಇಲ್ಲವೆಂದು ತಿಳಿದಿದ್ದೆ.

ಆಮೇಲೊಂದು ದಿನ, ಮನೆಯ ಹಿತ್ತಲುಗಳಲ್ಲಿ ತೆರೆದ ಬೆಂಕಿ ಹಾಕುವುದನ್ನು ಊರಿನಾದ್ಯಂತ ನಿಷೇಧಿಸಲು ನಗರಸಭೆ ಯೋಚಿಸುತ್ತಿದೆ ಎಂದು ಸುದ್ದಿ ಬಂತು. ಇಲ್ಲಿನವರು ನಗರಸಭೆಗೆ ಖೆಮೇಂಟೆ ಎನ್ನುತ್ತಾರೆ. ವಿಮ್ ಆ ಶಬ್ದವನ್ನು ಉಗುಳುವವನ ಹಾಗೆ ಹೇಳಿದ. ಮಹಾಂತೇಶನಿಗೂ ಸಿಟ್ಟು. "ಅಗ್ಗಿಷ್ಟಿಗಿ ಹಚ್ಚಾಕೂ ಇವರ ಅಪ್ಪಣೆ ಬೇಕೇನು?" ನಿರ್ಧಾರಕ್ಕೆ ಮೊದಲು ಜನರ ಅಭಿಪ್ರಾಯ ಕೇಳಲು ಬಡಾವಣೆಯ ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ನಮ್ಮ ಬೀದಿಯ ಪರವಾಗಿ ನಾನು ಮಾತಾಡಬೇಕೆಂದು ವಿಮ್ ಹಟ ಹಿಡಿದ. ವೆಲ್ಡರ್ ಮಾತಾಡಿದರೆ ಜಗಳ ಅಂತಾರೆ, ನೀನು ಮಾತಾಡಿದರೆ ಕಿವಿಗೊಡುತ್ತಾರೆ ಎಂದ. ನಾನು ಉಬ್ಬಿಹೋದೆ. ವಾರಪೂರ್ತಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಸಾನ್ವಿ ಹಾಸಿಗೆಯ ಮೇಲೆ ಕೂತು ನನ್ನ ಉಚ್ಚಾರ ತಿದ್ದುತ್ತಾ ಬಿದ್ದು ಬಿದ್ದು ನಗುತ್ತಿದ್ದಳು.

ಭವನದಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮೊದಲು ಒಬ್ಬ ವೈದ್ಯೆ ಹೊಗೆಯ ಸಣ್ಣ ಕಣಗಳು ಶ್ವಾಸಕೋಶಕ್ಕೆ ಏನು ಮಾಡುತ್ತವೆಂದು ವಿವರಿಸಿದಳು. ಹಾಗಾದರೆ ಮೊದಲು ವಿಮಾನ, ಲಾರಿಗಳನ್ನು ನಿಲ್ಲಿಸಿ, ಮುದುಕರ ಮೂರು ಕಟ್ಟಿಗೆ ಆಮೇಲೆ ನೋಡಿಕೊಳ್ಳಿ ಎಂದು ಒಬ್ಬಾತ ರೇಗಿದ. ನಂತರ ನನ್ನ ಸರದಿ. ಪರದೇಶದಿಂದ ಬಂದವಳಿಗೆ ಈ ಬೀದಿಯ ಗುರುತಾದದ್ದು ಬೆಂಕಿಯ ಸುತ್ತಲೇ ಎಂದೆ. ಬಾಗಿಲು ಮುಚ್ಚಿಕೊಂಡ ಮನೆಗಳ ಸಾಲನ್ನು ನೆರೆಹೊರೆಯನ್ನಾಗಿ ಮಾಡಿದ್ದು ಒಂದು ಹಳೆಯ ಡ್ರಮ್ಮು ಎಂದೆ. ಜೋರಾಗಿ ಚಪ್ಪಾಳೆ ಬಿತ್ತು. ವಿಮ್ ಮೂಗು ಒರೆಸಿಕೊಂಡ. ನಾನು ಕೂತು ನೀರು ಕುಡಿಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಮಾರ್ಲೂಸ್ ಎದ್ದು ನಿಂತಳು. ಈಜುಕೊಳದಿಂದ ನೇರವಾಗಿ ಬಂದಿರಬೇಕು, ಕೂದಲು ಇನ್ನೂ ಒದ್ದೆಯಿತ್ತು. ನಮ್ಮ ಪರವಾಗಿ ಇನ್ನೊಂದು ದನಿ ಎಂದುಕೊಂಡು ನಾನು ಅವಳತ್ತ ನೋಡಿ ನಕ್ಕೆ. ಅವಳು ನನ್ನ ಕಡೆ ನೋಡಲಿಲ್ಲ.

"ನಿಷೇಧ ಬೇಕು ಅಂತ ಹೇಳೋಕೆ ಬಂದಿದ್ದೀನಿ. ನನಗೆ ಚಿಕ್ಕಂದಿನಿಂದ ಆಸ್ತಮಾ. ನನ್ನ ಮನೆಯಲ್ಲಿ ಕಿಟಕಿ ಇಲ್ಲದಿರೋದು ಸ್ನಾನದ ಕೋಣೆಗೆ ಮಾತ್ರ. ಶನಿವಾರ ಸಂಜೆ ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿ ಅಲ್ಲಿ ಕೂತಿರ್ತೀನಿ, ಪಕ್ಕದ ಮನೆಯ ಬೆಂಕಿ ಆರೋ ತನಕ. ಹೋದ ಚಳಿಗಾಲ ಒಂದು ಶನಿವಾರ ಆಂಬುಲೆನ್ಸ್‌ನಲ್ಲಿ ಹೋಗಬೇಕಾಯ್ತು."

ಪಕ್ಕದ ಮನೆ ಎಂದರೆ ನಾವು. ಒಂದು ಕ್ಷಣ ಅವಳು ಬೇರೆ ಯಾವುದೋ ಪಕ್ಕದ ಮನೆಯ ಮಾತಾಡುತ್ತಿದ್ದಾಳೆಂದು ನಂಬಲು ನೋಡಿದೆ. ಆದರೆ ಅವಳದು ಸಾಲಿನ ಕೊನೆಯ ಮನೆ. ನಮ್ಮನ್ನು ಬಿಟ್ಟರೆ ಅವಳಿಗೆ ಪಕ್ಕದವರೇ ಇಲ್ಲ. ನನ್ನ ಮಗಳಿಗೆ ನೀರಿನಲ್ಲಿ ಉಸಿರು ಹಿಡಿಯುವುದನ್ನೂ ಬಿಡುವುದನ್ನೂ ಕಲಿಸಿದವಳು ಅವಳು. ನಾವು ಹಿತ್ತಲಿನಲ್ಲಿ ಕೂತು ಇನ್ನೊಂದು ಕಟ್ಟಿಗೆ ಹಾಕುತ್ತಿದ್ದಾಗ ಮನೆಯ ಮುಂಭಾಗದ ಬೀದಿಗೆ ಆಂಬುಲೆನ್ಸ್ ಬಂದು ಅವಳನ್ನು ಕರೆದುಕೊಂಡು ಹೋಗಿತ್ತು. ನಮಗೆ ಗೊತ್ತೇ ಆಗಿರಲಿಲ್ಲ.

ಸಭೆ ನಡೆಸುತ್ತಿದ್ದಾತ ಮೆಲ್ಲಗೆ, ಇದನ್ನು ನೆರೆಯವರಿಗೆ ಹೇಳಿರಲಿಲ್ಲವೇ ಎಂದು ಕೇಳಿದ. ಇಲ್ಲ ಎಂದು ಅವಳು ಕೂತುಬಿಟ್ಟಳು. ವಿಮ್ ಎದ್ದು ನಿಂತ. ಮುಖ ಕೆಂಪಗಾಗಿತ್ತು.

"ನನ್ನ ಬಾಗಿಲು ತಟ್ಟೋಕೆ ನಿನಗೆ ಕೈ ಇರಲಿಲ್ವಾ?" ಅಷ್ಟೇ ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ನಡೆದ.

ನಾವು ಮನೆಯ ತನಕ ಸೈಕಲ್ ತಳ್ಳಿಕೊಂಡೇ ಬಂದೆವು. ಮಹಾಂತೇಶ ದಾರಿಯಲ್ಲಿ ಒಂದೇ ಮಾತು ಆಡಿದ. "ನಾ ಇಲ್ಲೆ ಹಾಡ ಹಾಡಾಕತ್ತಿದ್ದೆ, ಆಕಿ ಅಲ್ಲೆ ಉಸಿರಿಗೆ ಒದ್ದಾಡಾಕತ್ತಿದ್ಲು." ಸಾನ್ವಿ ಮನೆಯಲ್ಲಿ ಕಾಯುತ್ತಿದ್ದಳು. ನಡೆದದ್ದನ್ನು ಹೇಳಿದಾಗ, ಟೀಚರಿಗೆ ನಮ್ಮ ಮೇಲೆ ಸಿಟ್ಟೇ ಎಂದು ಡಚ್ಚಿನಲ್ಲಿ ಕೇಳಿದಳು.

ಮರುದಿನ ಮಾರ್ಲೂಸಳ ಬಾಗಿಲಿಗೆ ಹೋದೆ. ಕ್ಷಮೆ ಕೇಳುವ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ, ಅದನ್ನು ಆಡಲು ಅವಳು ಬಿಡಲಿಲ್ಲ. ನೋಡಬೇಕಾ ಎಂದು ಕೇಳಿ ಮಹಡಿಗೆ ಕರೆದೊಯ್ದಳು. ಸ್ನಾನದ ಕೋಣೆ ನಮ್ಮ ಮನೆಯದರಂತೆಯೇ ಇಕ್ಕಟ್ಟು. ತೊಟ್ಟಿಯೊಳಗೆ ಎರಡು ದಿಂಬು, ಮಡಚಿದ ಕಂಬಳಿ, ಓದುವ ದೀಪ, ಮೂಲೆಯಲ್ಲಿ ಔಷಧದ ಹಬೆ ಕೊಡುವ ಸಣ್ಣ ಯಂತ್ರ. ಬಾಗಿಲ ಬುಡದ ಬಣ್ಣ ಒದ್ದೆ ಟವೆಲ್ಲಿನಿಂದ ಎದ್ದುಹೋಗಿತ್ತು. ಆ ಎದ್ದ ಬಣ್ಣ ನೋಡುತ್ತಾ ನಾನು ತೊಟ್ಟಿಯ ಅಂಚಿನ ಮೇಲೆ ಕೂತೆ.

ಇಲ್ಲಿಗೆ ಗೋಡೆಯಿಂದ ಎಲ್ಲವೂ ಕೇಳಿಸುತ್ತದೆ ಎಂದಳು ಅವಳು. ಆಮೇಲೆ ಮಹಾಂತೇಶ ಯಾವಾಗಲೂ ಹಾಡುವ ಒಂದು ಹಾಡಿನ ಧಾಟಿಯನ್ನು ಗುನುಗಿದಳು. ಅವನು ಎಲ್ಲಿ ತಪ್ಪುತ್ತಾನೋ ಅಲ್ಲೇ ತಪ್ಪಿ, ಪೂರ್ತಿ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ನೆಲ ನೋಡುತ್ತಾ ನಿಧಾನವಾಗಿ ಹೇಳಿದಳು. ನಮಗಿಂತ ಮುಂಚೆ ನಮ್ಮ ಮನೆಯಲ್ಲಿ ಬೇರೆ ದೇಶದ ಇನ್ನೊಂದು ಕುಟುಂಬ ಇತ್ತಂತೆ. ಬೀದಿಯಲ್ಲಿ ಒಬ್ಬರು ಅವರ ಅಡುಗೆಯ ವಾಸನೆಗೆ, ನೆಂಟರಿಗೆ, ಮಕ್ಕಳ ಗಲಾಟೆಗೆ, ಎಲ್ಲಕ್ಕೂ ದೂರು ಹೇಳಿ ಹೇಳಿ, ಕೊನೆಗೆ ಆ ಕುಟುಂಬ ಮನೆ ಖಾಲಿ ಮಾಡಿ ಹೋಯಿತಂತೆ.

"ಹಾಗೆ ದೂರು ಹೇಳೋರ ಸಾಲಿಗೆ ನಾನು ಸೇರಬಾರದು ಅನ್ನಿಸ್ತು. ಬೆಂಕಿ ವಿಮ್ ಹಿತ್ತಲಲ್ಲಿ ಇದ್ದಿದ್ರೆ ಮೊದಲನೇ ಶನಿವಾರವೇ ಹೋಗಿ ಜಗಳ ಆಡ್ತಿದ್ದೆ."

ಹಿಂದಿನ ದಿನ ಸಭೆಯಲ್ಲಿ ಬಿದ್ದ ಪೆಟ್ಟು ಇದರ ಮುಂದೆ ಏನೂ ಅಲ್ಲ. ಇಷ್ಟು ವರ್ಷ ನಾನು ಈ ಬೀದಿಯವಳೆಂದು ತಿಳಿದಿದ್ದೆ, ಚಪ್ಪಾಳೆ ಗಿಟ್ಟಿಸುವಷ್ಟು ಚೆನ್ನಾಗಿ ಅದನ್ನೇ ಭಾಷಣವಾಗಿ ಹೇಳಿ ಬಂದಿದ್ದೆ. ಅಷ್ಟೂ ದಿನ ಗೋಡೆಯ ಆಚೆ ಒಬ್ಬಳು ನಮ್ಮನ್ನು ಬೈಯಬಾರದ ಅತಿಥಿಗಳೆಂದು ಎಣಿಸಿ ಉಸಿರು ಕಟ್ಟಿಕೊಂಡು ಕೂತಿದ್ದಳು. ಅದು ಒಳ್ಳೆಯತನ, ನನಗೆ ಗೊತ್ತು. ಗೊತ್ತಿದ್ದೂ ನನಗೆ ಕೋಪ ಬಂತು, ಅವಳ ಮೇಲೋ, ಮುಂಚೆ ದೂರು ಹೇಳಿದವರ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಅವಳೇನಾದರೂ ಸತ್ತುಹೋಗಿದ್ದರೆ ನಾವು ಹೂಗುಚ್ಛ ತೆಗೆದುಕೊಂಡು ಹೋಗಿ, ಎಷ್ಟು ಒಳ್ಳೆಯ ನೆರೆಯವಳು, ಒಂದು ದಿನ ಒಂದು ಮಾತು ಅಂದವಳಲ್ಲ ಎಂದು ಹೇಳಿ ಬರುತ್ತಿದ್ದೆವು.

"ಇನ್ನು ಮೇಲೆ ಬೈಯಿ," ಎಂದೆ. "ದಯವಿಟ್ಟು." ನನ್ನ ಡಚ್ಚಿನಲ್ಲಿ ಅದು ಹೇಗೆ ಕೇಳಿಸಿತೋ, ಅವಳು ನಕ್ಕಳು, ನಕ್ಕು ಕೆಮ್ಮಿದಳು.

ಕೊನೆಗೆ ನಗರಸಭೆ ನಿಷೇಧ ತರಲಿಲ್ಲ. ಗಾಳಿಯಾಡದ ದಿನಗಳಲ್ಲಿ ಬೆಂಕಿ ಹಾಕಬೇಡಿ ಎಂದು ಜನರನ್ನು ಕೇಳಿಕೊಂಡು ವಿಷಯ ಕೈಬಿಟ್ಟಿತು. ಸಭೆಯಲ್ಲಿ ನಾನು ವಾದಿಸಿದ ಪಕ್ಷವೇ ಗೆದ್ದಿತು ಎನ್ನಬೇಕು. ನಾವು ಮಾತ್ರ ಮತ್ತೆ ಬೆಂಕಿ ಹಾಕಲಿಲ್ಲ. ವಿಮ್ ಆ ಚಳಿಗಾಲವಿಡೀ ಮಾರ್ಲೂಸಳ ಜೊತೆ ಮಾತು ಬಿಟ್ಟಿದ್ದ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಅವನಿಗೆ ವಾರದಲ್ಲಿ ಜನ ಅಂತ ಸಿಗುತ್ತಿದ್ದದ್ದು ಅದೊಂದೇ ಸಂಜೆ. ವಸಂತ ಬಂದ ಮೇಲೆ ಒಂದು ಬೆಳಗ್ಗೆ ಸಲಕರಣೆ ಹಿಡಿದು ಬಂದು, ತಾನು ಬೆಸೆದ ಕಾಲುಗಳನ್ನು ತಾನೇ ಕೊಯ್ದ. ಹಿಡಿಯಲು ಕಾಲಿಲ್ಲದ ಡ್ರಮ್ಮು ಅವನ ಕೈಯಿಂದ ಜಾರುತ್ತಿತ್ತು. ತನ್ನ ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ಮಾರ್ಲೂಸ್ ಇಳಿದು ಬಂದು ಇನ್ನೊಂದು ಬದಿ ಹಿಡಿದಳು. ಗುಜರಿಗೆ ಹೋಗುವ ಗಾಡಿಯವರೆಗೂ ಇಬ್ಬರೂ ಹಾಗೇ ಹೊತ್ತುಕೊಂಡು ಹೋದರು. ಆ ಶನಿವಾರ ನಮ್ಮ ಅಡುಗೆಮನೆಯ ಮೇಜಿಗೆ ಇಬ್ಬರೂ ಬಂದರು. ಗ್ಯಾಸಿನ ಉರಿಯಲ್ಲಿ ಸುಟ್ಟ ಬದನೆಕಾಯಿಗೆ ಆ ರುಚಿ ಇಲ್ಲ ಎಂದು ವಿಮ್ ಹೇಳಿದ. ನಿಜ, ಇಲ್ಲ. ಈಗಲೂ ಪ್ರತಿ ಶನಿವಾರ ಹಾಗೆ ಹೇಳಿಯೇ ಎರಡನೇ ಸಲ ಬಡಿಸಿಕೊಳ್ಳುತ್ತಾನೆ.

ನಿನ್ನೆ ಭಾನುವಾರ. ನಾನು ಇಡ್ಲಿಗೆ ಚಟ್ನಿ ರುಬ್ಬಿ ಮುಗಿಸುವಷ್ಟರಲ್ಲಿ ಕರೆಗಂಟೆ ಬಡಿಯಿತು. ಮಾರ್ಲೂಸ್ ನಿಲುವಂಗಿಯಲ್ಲಿ, ಕೆದರಿದ ಕೂದಲಿನಲ್ಲಿ ನಿಂತಿದ್ದಳು. ಭಾನುವಾರ ಬೆಳ್ಳಂಬೆಳಗ್ಗೆ ಈ ಮನೆಯಲ್ಲಿ ರಸ್ತೆ ಅಗೆಯುವ ಯಂತ್ರ ಯಾಕೆ ಓಡುತ್ತದೆ, ವಾರಕ್ಕೊಂದು ದಿನ ಮಲಗುತ್ತೇನೆ, ಇದು ಸರಿಯಲ್ಲ ಎಂದಳು. ಊರಿನಿಂದ ಹೊತ್ತು ತಂದ ನನ್ನ ಮಿಕ್ಸಿಯ ಮಾತು ಅದು. ಮಹಾಂತೇಶ ತಪ್ಪಿತಸ್ಥನಂತೆ ತಲೆ ತಗ್ಗಿಸಿ ನಿಂತ. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀಯ ಎಂದು ಅವಳು ರೇಗಿದಳು. ಏನಿಲ್ಲ, ಇನ್ನೂ ಏನಾದರೂ ಇದ್ದರೆ ಹೇಳಿಬಿಡು ಎಂದೆ.

"ಇದೆ," ಎಂದು ಅವಳು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.