ನಾಲ್ಕನೇ ಖೋಲಿಯ ಉತ್ತರ

ದೆವ್ವ, ಶಕುನ, ಅಂತರ್ವಾಣಿ ಎಂದು ಯಾರಾದರೂ ಮಾತು ತೆಗೆದರೆ ಚಹಾದ ನೆವ ಹೇಳಿ ಎದ್ದು ಹೋಗುವ ಸ್ವಭಾವ ನನ್ನದು. ಕಂಪ್ಯೂಟರ್ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು ನಾನು. ಹಾಕಿದ್ದು ಬರುತ್ತದೆ, ಹಾಕದ್ದು ಬರುವುದಿಲ್ಲ. ಇಷ್ಟೇ ನನ್ನ ವೇದಾಂತ. ಆದರೆ ಕೆಲವು ವರ್ಷಗಳ ಹಿಂದೆ ಗದಗಿನಲ್ಲಿ ನಡೆದದ್ದೊಂದು ಈ ವೇದಾಂತದೊಳಗೆ ಇವತ್ತಿಗೂ ಕೂರುತ್ತಿಲ್ಲ. ನೀವು ನಗಬಹುದು. ನನ್ನ ಹೆಂಡತಿಯೂ ಮೊದಲು ನಕ್ಕಳು.

ಊರ ಹೊರಗೆ ಒಣಮೆಣಸಿನಕಾಯಿ ಚೀಲಗಳನ್ನು ತಂಪಿನಲ್ಲಿಡುವ ಒಂದು ಕೋಲ್ಡ್ ಸ್ಟೋರೇಜ್, ಒಳಗೆ ನಾಲ್ಕು ಕೋಣೆ, ಅಲ್ಲಿಯವರ ಬಾಯಲ್ಲಿ ಖೋಲಿ. ಅದರ ಮಾಲೀಕ ಸಾವುಕಾರರ ಹಳೆಯ ಕಂಪ್ಯೂಟರು ಚಿತ್ರಗಿತ್ರ ತಾಳುತ್ತಿರಲಿಲ್ಲ. ಅದಕ್ಕೆಂದೇ ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ನಡೆಯುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಂಜೆ ಒಂದೊಂದೇ ಖೋಲಿ ಮುಚ್ಚುವಾಗ ಪರದೆಯ ದೊಡ್ಡ ಕಿಟಕಿಯ ಮೇಲೆ ಸಣ್ಣದೊಂದು ಕಿಟಕಿ ತೆರೆದು 'ಒಳಗೆ ಯಾರಾದರೂ ಇದ್ದಾರೆಯೇ?' ಎಂದು ಕೇಳುತ್ತದೆ. ನಾವು 'ಹೌದು' ಅಥವಾ 'ಇಲ್ಲ' ಒತ್ತಿದರೆ ಸಣ್ಣದು ಮುಚ್ಚಿಕೊಂಡು ಆ ಉತ್ತರವನ್ನು ದೊಡ್ಡದಕ್ಕೆ ದಾಟಿಸುತ್ತದೆ, ಅಡಿಗೆಮನೆಯ ಮಾತನ್ನು ಪಡಸಾಲೆಗೆ ಮುಟ್ಟಿಸಿದ ಹಾಗೆ. ದೊಡ್ಡದಕ್ಕೆ ಸ್ವಂತ ಕಣ್ಣು ಕಿವಿ ಇಲ್ಲ. ಖೋಲಿಗೂ ಕಂಪ್ಯೂಟರಿಗೂ ನಡುವೆ ಒಂದು ತಂತಿಯೂ ಇರಲಿಲ್ಲ.

ಒಳಗೆ ಯಾರಿದ್ದಾರೆಂದು ಅಲ್ಲಿಯವರಿಗೆ ತಿಳಿಸುತ್ತಿದ್ದದ್ದು ಚಪ್ಪಲಿಗಳು. ಮಾಲೆಂದರೆ ಲಕ್ಷ್ಮಿ, ಅದನ್ನು ಮೆಟ್ಟಿನಿಂದ ತುಳಿಯಬಾರದೆಂದು ಎಲ್ಲರೂ ಬರಿಗಾಲಲ್ಲೇ ಒಳಗೆ ಹೋಗುತ್ತಿದ್ದರು. ಬಾಗಿಲ ಮುಂದೆ ಚಪ್ಪಲಿ ಇಲ್ಲವೆಂದರೆ ಖೋಲಿ ಖಾಲಿ ಎಂದೇ ಲೆಕ್ಕ.

ಪ್ರೋಗ್ರಾಂ ಶುರು ಮಾಡಿದ ದಿನ ಸಂಜೆ ನಾನೇ ಕೂತಿದ್ದೆ. ಮೊದಲ ಮೂರು ಖೋಲಿ ಸುಸೂತ್ರವಾಗಿ ಮುಗಿದವು. ವಾಚಮನ್ ಹುಸೇನಸಾಬ ಬಂದು, "ನಾಕನೇದೂ ಮುಚ್ಚೇನ್ರಿ. ಒಂದೂ ಚಪ್ಲಿ ಇಲ್ಲ. ಯಾರೂ ಇಲ್ಲಂತ ಹಾಕ್ರಿ" ಅಂದ. 'ಇಲ್ಲ' ಒತ್ತಿದೆ. ಸಣ್ಣ ಕಿಟಕಿ ಮುಚ್ಚಿತು. ದೊಡ್ಡದರಲ್ಲಿ 'ಹೌದು' ಎಂದು ಮೂಡಿತು.

ಮತ್ತೆ ಒತ್ತಿದೆ. ಮತ್ತೆ 'ಹೌದು'. ಉಳಿದ ಖೋಲಿಗಳನ್ನು ಇನ್ನೊಮ್ಮೆ ಮಾಡಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಸಾವುಕಾರರ ಮುಂದೆ ಮರ್ಯಾದೆ ಹೋಗುತ್ತದಲ್ಲ ಎಂದು ಸಿಟ್ಟು ಬಂತು, ನಾನು ಹಿಡಿಯಬೇಕಿದ್ದ ಮುಂಡರಗಿ ಬಸ್ಸಿಗೂ ಹೊತ್ತಾಗಿತ್ತು. "ನಾಳೆ ನೋಡಿದ್ರಾತು ಬಿಡ್ರಿ" ಎಂದ ಹುಸೇನಸಾಬ. ಕಂಪ್ಯೂಟರ್ ಆರಿಸಲು ಕೈ ಚಾಚಿದವನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. "ಒಂದ್ಸಲ ಬಾಗಲಾ ತಗೀರಿ" ಎಂದೆ.

"ಕಂಪ್ಯೂಟರ್ ಮಾತು ಕೇಳಿ ಬಾಗಲಾ ತಗ್ಯೂದೇನ್ರಿ?" ಎಂದು ನಗುತ್ತಲೇ ಬಂದು ತೆಗೆದ.

ಚೀಲಗಳ ಸಾಲಿನ ಹಿಂದೆ ಮಲ್ಲಸಮುದ್ರದ ರೇಣವ್ವ ಬಿದ್ದಿದ್ದಳು. ಚೀಲ ಹೊಲಿಯುವ ಕೆಲಸ ಅವಳದು. ಕಾಲು ಜಾರಿ ಬಿದ್ದು ಚೀಲದ ಅಡಿ ಪಾದ ಸಿಕ್ಕಿಕೊಂಡಿತ್ತು. ಆ ದಪ್ಪ ಬಾಗಿಲು ದಾಟಿ ಕೂಗು ಹೊರಗೆ ಬರುವಂತಿರಲಿಲ್ಲ. ಚಪ್ಪಲಿ ಹರಿದುಕೊಂಡ ಗೆಳತಿಯೊಬ್ಬಳು ಇವಳ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿಬಿಟ್ಟಿದ್ದಳು. ಇಬ್ಬರೂ ಸೇರಿ ಎತ್ತಿ ಹೊರಗೆ ತಂದು ಹುಸೇನಸಾಬನ ಕಂಬಳಿ ಹೊದಿಸಿದೆವು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳ ಬಾಯಲ್ಲಿ ಒಂದೇ ಮಾತು: "ಮನ್ಯಾಗ ಮಗಳು ಒಬ್ಬಾಕಿನ ಅದಾಳ್ರಿ. ಆಕಿಗೆ ನನ್ನ ಬಿಟ್ರ ಯಾರಿಲ್ರಿ."

ಅವಳನ್ನು ಆಟೋದಲ್ಲಿ ದವಾಖಾನೆಗೆ ಕಳಿಸಿ ಒಳಗೆ ಬಂದು, ನಾಲ್ಕನೇ ಖೋಲಿಗೆ ಮತ್ತೊಮ್ಮೆ 'ಇಲ್ಲ' ಒತ್ತಿದೆ. ದೊಡ್ಡ ಕಿಟಕಿಯಲ್ಲಿ 'ಇಲ್ಲ' ಎಂದೇ ಬಂತು.

ಆಮೇಲೆ ಆ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದ್ದೇನೆ, ನನಗಿಂತ ಬಲ್ಲವರಿಗೂ ತೋರಿಸಿದ್ದೇನೆ. ನಾಲ್ಕು ಖೋಲಿಗೂ ಇರುವುದು ಒಂದೇ ಬರಹ, ತಪ್ಪೇನೂ ಸಿಗಲಿಲ್ಲ. ಕೀಲಿಮಣೆ ಕೆಟ್ಟಿತ್ತೆಂದರು ಒಬ್ಬರು. ಕೆಟ್ಟಿದ್ದರೆ ಅದೊಂದೇ ಖೋಲಿಗೆ, ಅವಳು ಒಳಗಿರುವಷ್ಟೇ ಹೊತ್ತು ಕೆಟ್ಟಿತ್ತೇ? ನನಗೆ ಗೊತ್ತಿಲ್ಲ.

ರೇಣವ್ವ ಈಗಲೂ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಮಗಳನ್ನು ಮುಂದೆ ನಿಲ್ಲಿಸಿ, "ಇವರ ನೋಡವಾ, ನಾ ಒಳಗ ಅದೀನಿ ಅಂದವ್ರು" ಎನ್ನುತ್ತಾಳೆ. ಆ ಹುಡುಗಿ ಕೈ ಮುಗಿದಾಗ ನನ್ನ ಕಣ್ಣು ತುಂಬುತ್ತದೆ. ನಾನು ಒತ್ತಿದ್ದು 'ಇಲ್ಲ' ಎಂದು. ಇದ್ದಾಳೆ ಎಂದವರು ಯಾರೋ, ಆ ಹುಡುಗಿಯ ನಮಸ್ಕಾರ ಅವರಿಗೆ ಮುಟ್ಟಲಿ.